ಹಿತ್ತಾಳೆ ಪಟ್ಟಿಯ ಮೂರನೇ ಅಂಕಿ

ನನ್ನ ಅಕ್ಷರದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಆ ಕಾಲಕ್ಕೆ ಹಾನಗಲ್ಲಿನಲ್ಲಿ ಅದನ್ನು ಹೊಗಳದವರಿರಲಿಲ್ಲ. ಅರ್ಜಿ ಬರೆಸಲು ರಟ್ಟೀಹಳ್ಳಿಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮಿರಜದಲ್ಲಿ ಒಬ್ಬ ವಕೀಲರ ಕೈಕೆಳಗೆ ಹನ್ನೊಂದು ವರ್ಷ ಮರಾಠಿ ಬರೆದವನು ನಾನು. ಕನ್ನಡ ಮನೆಯದು, ಇಂಗ್ಲಿಷು ಸಾಲುವಷ್ಟು ಬರುತ್ತಿತ್ತು. ಊರಿಗೆ ಮರಳಿದ ಮೇಲೆ ಚನ್ನವೀರಪ್ಪ ಧಣಿಗಳ ಮನೆಯಲ್ಲಿ ದಿವಾನಜಿಯಾದೆ. ದಿವಾನಜಿಯೆಂದರೆ ದೊಡ್ಡದೇನಲ್ಲ, ಮನೆಯ ಕಾಗದಪತ್ರ ನೋಡಿಕೊಳ್ಳುವವನು. ನನ್ನ ಈ ಜಂಬವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಧಣಿಗಳಿಗೆ ಒಬ್ಬ ಅಕ್ಕ ಇದ್ದಳು, ಮಹಾದೇವಕ್ಕ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಂಡನ ಮನೆಯ ಅಟ್ಟದಿಂದ ಬಿದ್ದು ಆಕೆಯ ಸೊಂಟದ ಕೆಳಗಿನ ಬಲ ಹೋಯಿತು. ಗಂಡನ ಮನೆಯವರು ಆರು ತಿಂಗಳು ನೋಡಿದರು, ಆಮೇಲೆ ಚಕ್ಕಡಿಯಲ್ಲಿ ಮಲಗಿಸಿ ತಂದು ತವರಿಗೆ ಬಿಟ್ಟು ಹೋದರು. ಅಲ್ಲಿಂದ ಹದಿನಾಲ್ಕು ವರ್ಷ ಆಕೆ ಹೊಸ್ತಿಲು ದಾಟಲಿಲ್ಲ. ದಾಟಿಸುವವರಿಗೇನೂ ಬರವಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಆಳುಗಳು ಹಿಡಿದರೆ ತಾರಕೇಶ್ವರನ ಗುಡಿ ಎಷ್ಟು ದೂರ? ಆಕೆಯೇ ಒಲ್ಲೆನೆಂದಳು.

"ಗಂಡಸರ ಕೈಲೆ ಎತ್ತಿಸ್ಕೊಂಡು, ಊರ ಮಂದಿ ನೋಡಾಕತ್ತಾಗ ಗುಡಿಗೆ ಹೋಗಬೇಕೇನು? ಆ ಶಿವಗ ನಾ ಬೇಕಾಗಿದ್ರ ಇಲ್ಲೇ ಬರ್ತಾನ ಬಿಡ್ರಿ" ಎನ್ನುತ್ತಿದ್ದಳು.

ಶಿವ ಬರಲಿಲ್ಲ, ಮೋಟಾರು ಬಂತು. ಮೂವತ್ತಮೂರನೇ ಇಸವಿಯಲ್ಲಿ ಯಲವಿಗಿ ಸ್ಟೇಶನ್ನಿನ ಹತ್ತಿರವಿದ್ದ ಒಬ್ಬ ರೈಲ್ವೆ ಗುತ್ತಿಗೆದಾರ ಊರು ಬಿಡುವಾಗ ತನ್ನ ಹಳೆಯ ಮೋಟಾರನ್ನು ಧಣಿಗಳಿಗೆ ಕೊಟ್ಟ. ಕರಿ ಬಣ್ಣ, ಮಡಚುವ ಕಿತ್ತಾನದ ಹೊದಿಕೆ, ಮುಖದ ಮೇಲೆ ಎರಡು ದೊಡ್ಡ ಹಿತ್ತಾಳೆ ದೀಪ. ಅದರ ರಿಜಿಸ್ಟ್ರಿ ಪುಸ್ತಕ ಪೆಟ್ಟಿಗೆಯಲ್ಲೆಲ್ಲೋ ಇದೆ, ಆಮೇಲೆ ಕಳಿಸುತ್ತೇನೆ ಎಂದವನು ಕರಾಚಿಯ ಕಡೆ ಹೋದ. ಪುಸ್ತಕ ಬರಲಿಲ್ಲ. ಹಳ್ಳಿಯ ಕಡೆ ಅದನ್ನು ಕೇಳುವವರೂ ಇರಲಿಲ್ಲ, ನಾವೂ ಮರೆತೆವು.

ಈ ಮೋಟಾರಿನ ಬಾಗಿಲ ಪಕ್ಕದ ಕಂಬಕ್ಕೆ ಒಳಗಡೆ ಗೇಣುದ್ದದ ಒಂದು ಹಿತ್ತಾಳೆ ಹಿಡಿಕೆ ಇತ್ತು. ಹತ್ತುವವರಿಗೆ ಆಸರೆಯಾಗಲೆಂದು ಮೋಟಾರು ಕಟ್ಟಿದವರೇ ಕೂರಿಸಿದ್ದು. ನಮಗ್ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಮಹಾದೇವಕ್ಕನಿಗೆ ಮೊದಲ ದಿನವೇ ಬಿತ್ತು. ಮೋಟಾರಿನ ಬಾಗಿಲಿಗೆ ತಾಗಿಸಿ ಒಂದು ಮಣೆ ಇಡಿಸಿದಳು. ಕೈಯೂರಿ ತೆವಳುತ್ತ ಬಂದು ಮಣೆಯ ಮೇಲೆ ಕುಳಿತಳು. ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ಮೈಯನ್ನು ಒಂದೇ ಸಲಕ್ಕೆ ಎಳೆದುಕೊಂಡು ಸೀಟಿನ ಮೇಲೆ ಕುಳಿತುಬಿಟ್ಟಳು. ಡ್ರೈವರ ಬೀರಪ್ಪನಿಗೆ ಆ ಹೊತ್ತಿನಲ್ಲಿ ಬೇರೆ ಕಡೆ ಮುಖ ಮಾಡಿ ನಿಲ್ಲಬೇಕೆಂದು ಅಪ್ಪಣೆಯಾಗಿತ್ತು. ಯಾರ ಕೈಯೂ ಆಕೆಗೆ ತಾಗಲಿಲ್ಲ.

ಆಮೇಲೆ ಪ್ರತಿ ಸೋಮವಾರ ಗುಡಿ, ಬಾಗಿಲ ಮುಂದೆ ಮೋಟಾರಿನಲ್ಲೇ ಕುಳಿತು ಕೈಮುಗಿಯುವುದು. ಗುಡಿ ಮುಗಿದ ಮೇಲೆ ಬೀರಪ್ಪ ಯಾವ ದಾರಿ ಹಿಡಿದರೆ ಆ ದಾರಿ. ಒಂದು ವಾರ ಹಿರೇಕೆರೂರಿನ ತನಕ ಹೋಗಿಬಂದರು, ಇನ್ನೊಂದು ವಾರ ಶಿಗ್ಗಾಂವಿಯ ಸಂತೆಯಲ್ಲಿ ನಿಂತು ಆಕೆ ಮೋಟಾರಿನಿಂದಲೇ ಬಳೆಗಾರನ ಜೊತೆ ಚೌಕಾಸಿ ಮಾಡಿದಳು. ಬಳೆಗಾರನೂ ಸೋತ, ಬೀರಪ್ಪನೂ ಬೇಸತ್ತ. ಮೂವತ್ತು ದಾಟಿದ ಹೆಂಗಸು ಹುಡುಗಿಯಂತೆ ನಗುವುದನ್ನು ನಾನು ಆಗಲೇ ನೋಡಿದ್ದು.

ಮನೆಯಲ್ಲಿ ಕುಳಿತೇ ಮಾಡುವ ಕೆಲಸಗಳೆಲ್ಲ ಆಕೆಯವು. ಹಿತ್ತಾಳೆ ತಿಕ್ಕುವುದು ಅದರಲ್ಲಿ ಮುಖ್ಯ. ಹುಣಸೇಹಣ್ಣು, ಇಟ್ಟಂಗಿಯ ಪುಡಿ, ಬೂದಿ. ತಿಕ್ಕಿದ ಮೇಲೆ ಸಂದಿನಲ್ಲಿ ಕುಳಿತದ್ದನ್ನು ಕಸಬರಿಗೆಯ ಕಡ್ಡಿಯಿಂದ ಕೆದರಿ ತೆಗೆಯುವುದು. ಮೋಟಾರು ಬಂದ ಮೇಲೆ ಅದರ ಹಿತ್ತಾಳೆಯೂ ಆಕೆಯ ಪಾಲಿಗೆ ಬಂತು. ದೀಪದ ಬಳೆ, ಹಿಡಿಕೆ, ಆಕೆ ಕೂರುವ ಜಾಗಕ್ಕೆ ನೇರ ಎದುರಿಗೆ ಮುಂದಿನ ಹಲಗೆಗೆ ನಾಲ್ಕು ಸಣ್ಣ ತಿರುಪಿನ ಮೊಳೆಗಳಿಂದ ಕೂರಿಸಿದ್ದ ನಾಲ್ಕು ಬೆರಳಗಲದ ಪಟ್ಟಿ. ಪಟ್ಟಿಯ ಮೇಲೆ ಕಂಪನಿಯ ಹೆಸರು, ಕೆಳಗೆ ಮೋಟಾರಿನ ನಂಬರು ಕೊರೆದಿತ್ತು. ಎಂಟು ವರ್ಷ ಪ್ರತಿ ಸೋಮವಾರ ಆಕೆ ಅದನ್ನು ತಿಕ್ಕಿದಳು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನಾನೂ ಎಷ್ಟೋ ಸಲ ಅದರಲ್ಲಿ ನೋಡಿ ರುಮಾಲು ಸರಿಮಾಡಿಕೊಂಡಿದ್ದೇನೆ.

ನಲವತ್ತೊಂದರಲ್ಲಿ ಹಿಡಿಕೆ ಕಿತ್ತು ಬಂತು. ಒಳಗಿನ ಕಟ್ಟಿಗೆ ಕೊಳೆತು ತಿರುಪಿನ ಮೊಳೆಗಳು ಹಿಡಿತ ಬಿಟ್ಟಿದ್ದವು. ಮೋಟಾರಿನ ಉಳಿದ ಭಾಗಗಳ ಸ್ಥಿತಿಯೂ ಹಾಗೇ ಇತ್ತು. ಬಾಗಿಲ ಚಿಲಕ ಮುರಿದು ಸುತಳಿಯಿಂದ ಕಟ್ಟಿತ್ತು, ಬಾನೆಟ್ಟಿಗೆ ತಂತಿ ಸುತ್ತಿತ್ತು, ಗಾಜಿನ ಚೌಕಟ್ಟಿನ ಬಿಜಾಗರಿ ಒಂದು ಕಡೆ ಇರಲೇ ಇಲ್ಲ. ಹಿಡಿಕೆ ಹೋದ ವಾರ ಬೀರಪ್ಪ ಮತ್ತು ಒಬ್ಬ ಆಳು ಸೇರಿ ಮಹಾದೇವಕ್ಕನನ್ನು ಎತ್ತಿ ಕೂರಿಸಿದರು. ಮರುವಾರ ಆಕೆ ಹೊಟ್ಟೆನೋವೆಂದಳು. ಅದರ ಮರುವಾರವೂ ಹೊಟ್ಟೆನೋವೇ ಇತ್ತು. ಮೂರನೇ ವಾರಕ್ಕೆ ನಾವು ಕೇಳುವುದನ್ನೇ ಬಿಟ್ಟೆವು.

ಅದೇ ಹೊತ್ತಿಗೆ ಯುದ್ಧದ ಕಾಯಿದೆ ಬಂತು. ಪೆಟ್ರೋಲು ಇನ್ನು ಕೂಪನ್ನಿಗೆ ಮಾತ್ರ. ಕೂಪನ್ನು ಬೇಕಾದರೆ ಗಾಡಿಯನ್ನು ಮೋಟಾರು ತಪಾಸಣೆಯ ಸಾಹೇಬರಿಗೆ ತೋರಿಸಬೇಕು, ಕಂಪನಿಯ ಪಟ್ಟಿ ಮೂಲದ್ದೇ ಇರಬೇಕು, ನಂಬರು ತಾಳೆಯಾಗಬೇಕು. ಸಾಹೇಬರು ದೀಪಾವಳಿಯ ಮುಂದೆ ಹಾನಗಲ್ಲಿನ ಪ್ರವಾಸಿ ಬಂಗಲೆಗೆ ಬರುವವರಿದ್ದರು. ಧಣಿಗಳು ಸವಣೂರಿನಿಂದ ಕರೀಮಸಾಬನನ್ನು ಕರೆಸಿದರು.

ಕರೀಮಸಾಬ ಬೀಗ, ಬಂದೂಕು, ಬಾಜಾಪೆಟ್ಟಿಗೆ, ಗಡಿಯಾರ ಎಲ್ಲ ರಿಪೇರಿ ಮಾಡುವವನು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವನ ಕೆಲಸದ ರೀತಿ ನೋಡಿ ನನಗೆ ಮೊದಲು ಸಿಟ್ಟು ಬಂತು. ಬಂದವನೇ ಹೊಲದಿಂದ ಜಿಗುಟು ಮಣ್ಣು ತರಿಸಿದ. ಕಲಸಿ ಹಲಗೆಯ ಮೇಲೆ ಹರವಿದ. ಮೋಟಾರಿನಿಂದ ಬಿಚ್ಚಿದ ಒಂದೊಂದು ಸಾಮಾನನ್ನೂ ಆ ಮಣ್ಣಿಗೆ ಒತ್ತಿ ಅಚ್ಚು ಇಳಿಸಿ, ಅಚ್ಚಿನ ಸುತ್ತ ಅದರದರ ತಿರುಪಿನ ಮೊಳೆಗಳನ್ನು ಅದರದರ ಜಾಗದಲ್ಲೇ ಊರಿ ನಿಲ್ಲಿಸಿದ. ಎರಡು ದಿನ ಬರೀ ಇದೇ ಆಯಿತು.

"ಕರೀಮಸಾಬ, ಮೊಳಿ ಎಲ್ಲಾ ಒಂದ ನಮೂನಿ ಅದಾವಲ್ಲೋ. ಒಂದು ಡಬ್ಬ್ಯಾಗ ಹಾಕಿಟ್ರ ಆಗೂದಿಲ್ಲೇನು?" ಎಂದೆ.

"ನಿಮ್ಮ ಕಣ್ಣಿಗೆ ಒಂದ ನಮೂನಿ ಕಾಣಸ್ತಾವ್ರಿ ದಿವಾನಜಿ. ಹದಿನೈದು ವರ್ಷ ಒಂದ ತೂತಿನ್ಯಾಗ ಕುಂತಿದ್ದು ಇನ್ನೊಂದರಾಗ ಕುಂದ್ರೂದಿಲ್ಲ."

ಜಂಗು ಹಿಡಿದ ಮೊಳೆಯನ್ನು ಚಿಮಣಿ ಎಣ್ಣೆಯಲ್ಲಿ ದಿನಗಟ್ಟಲೆ ನೆನೆಹಾಕುತ್ತಿದ್ದ. ಹೊಸದು ತರಿಸೋಣವೆಂದರೆ ತಲೆ ಅಲ್ಲಾಡಿಸುತ್ತಿದ್ದ. ಯುದ್ಧದ ಕಾಲದಲ್ಲಿ ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ, ಸಿಕ್ಕಿದ್ದರೂ ಅವನು ಮುಟ್ಟುತ್ತಿರಲಿಲ್ಲ. ಕೊಳೆತ ಕಟ್ಟಿಗೆಯನ್ನು ಕೊರೆದು ತೆಗೆದು ಸಾಗವಾನಿಯ ಬೆಣೆ ಜಡಿದ. ಚಿಲಕದ ಮುರಿದ ನಾಲಿಗೆಗೆ ಬೆಸುಗೆ ಹಾಕಿ ಅರದಿಂದ ಉಜ್ಜಿ ಉಜ್ಜಿ ಬೆಸುಗೆಯ ಗೆರೆ ಕಾಣದ ಹಾಗೆ ಮಾಡಿದ. ಇಲ್ಲದ ಬಿಜಾಗರಿಯನ್ನು ಇದ್ದುದರ ಅಚ್ಚು ನೋಡಿ ಎರಕ ಹೊಯ್ದು ಮಾಡಿದ. ಮೂರು ವಾರ ಹಿಡಿಯಿತು. ನನ್ನ ಸಿಟ್ಟು ಎರಡನೇ ವಾರಕ್ಕೇ ಇಳಿದಿತ್ತು, ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಹಿಡಿಕೆಯನ್ನು ಕೊನೆಗೆ ಕೂರಿಸಿದ. ತಾನೇ ಅದಕ್ಕೆ ಜೋತುಬಿದ್ದು ನೋಡಿದ, ಆಮೇಲೆ ಬೀರಪ್ಪನನ್ನು ಜೋತು ಬೀಳಿಸಿದ. ಪಡಸಾಲೆಯ ಕಡೆ ತಿರುಗಿ, "ಬರ್ರಿ ಅಕ್ಕಾರ" ಎಂದವನೇ ಹಿತ್ತಿಲಿಗೆ ಹೊರಟುಹೋದ. ಬೇರೆ ಕಡೆ ಮುಖ ಮಾಡಿ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾವೂ ಅವನ ಹಿಂದೆ ಹೋದೆವು. ಬಾಗಿಲು ಕಿಟ್ಟೆಂದು ಮುಚ್ಚಿದ ಸಪ್ಪಳವಾಯಿತು, ಬೆನ್ನಿಗೇ ಹಾರ್ನು ಎರಡು ಸಲ ಕೂಗಿತು. ಹೋಗಿ ನೋಡಿದರೆ ಮಹಾದೇವಕ್ಕ ತನ್ನ ಜಾಗದಲ್ಲಿ ಕುಳಿತು ಹಾರ್ನಿನ ರಬ್ಬರಿನ ಮೇಲೆ ಕೈಯಿಟ್ಟುಕೊಂಡಿದ್ದಳು.

"ದಿವಾನಜಿ, ಹೊಟ್ಟಿನೋವು ಹೋತ್ರಿ" ಎಂದಳು.

ಅವತ್ತು ನಮಗಾದ ಸಂತೋಷ ದೊಡ್ಡದು. ಧಣಿಗಳು ಎಲ್ಲರಿಗೂ ಮಾದಲಿಯ ಸಿಹಿಯೂಟ ಮಾಡಿಸಿ ಹಾಕಿದರು.

ಮರುದಿನ ಕರೀಮಸಾಬ ಪಟ್ಟಿಯನ್ನು ಬಿಚ್ಚಿದ. ಅದರ ನಡುಭಾಗ ಸ್ವಲ್ಪ ಉಬ್ಬಿಕೊಂಡಿತ್ತು, ಸಪಾಟು ಮಾಡುತ್ತೇನೆಂದು ತೆಗೆದದ್ದು. ಕೈಯಲ್ಲಿ ಹಿಡಿದು ಬಿಸಿಲಿಗೆ ವಾರೆ ಮಾಡಿ ನೋಡಿದ. ಇನ್ನೊಮ್ಮೆ ನೋಡಿದ. ನನ್ನನ್ನು ಕರೆದ. ಕಂಪನಿಯ ಹೆಸರಿನಲ್ಲಿ ಎರಡು ಅಕ್ಷರ ಉಳಿದಿದ್ದವು. ನಾಲ್ಕಂಕಿಯ ನಂಬರಿನಲ್ಲಿ ಮೊದಲನೆಯ ನಾಲ್ಕು, ಅದರ ಪಕ್ಕದ ಸೊನ್ನೆ, ಕೊನೆಯ ಇನ್ನೊಂದು ನಾಲ್ಕು ಉಗುರಿಗೆ ಸಿಗುವಷ್ಟು ಉಳಿದಿದ್ದವು. ಮೂರನೆಯ ಅಂಕಿ ಇದ್ದದ್ದು ಉಬ್ಬಿದ ಜಾಗದಲ್ಲಿ. ಅಲ್ಲಿ ಏನೂ ಇರಲಿಲ್ಲ, ಬರೀ ಹೊಳಪು. ಎಂಟು ವರ್ಷದ ಹುಣಸೇಹಣ್ಣು ಮತ್ತು ಇಟ್ಟಂಗಿಯ ಪುಡಿ ಅದನ್ನು ತಿಂದುಹಾಕಿದ್ದವು.

ಧಣಿಗಳು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಎಂಜಿನ್ನಿನ ನಂಬರು ಉಪಯೋಗಕ್ಕೆ ಬರುವಂತಿರಲಿಲ್ಲ, ಗುತ್ತಿಗೆದಾರ ಎಂಜಿನ್ನನ್ನೇ ಒಮ್ಮೆ ಬದಲಿಸಿದ್ದ. ಕರೀಮಸಾಬ ಮೋಟಾರಿನ ಕೆಳಗೆ ಮಲಗಿ ಕಬ್ಬಿಣದ ಅಡ್ಡಪಟ್ಟಿಗಳನ್ನೆಲ್ಲ ಕೆರೆದ, ಜಂಗಿನ ಹೊರತು ಏನೂ ಸಿಗಲಿಲ್ಲ. ಪಟ್ಟಿಯ ಹಿಂಬದಿಗೆ ಮಸಿ ಸವರಿ ನೋಡಿದ, ಕೆಂಡದ ಮೇಲೆ ಕಾಯಿಸಿ ನೋಡಿದ. ಮೂರನೇ ಅಂಕಿ ಬರಲಿಲ್ಲ.

"ಅಕ್ಕಗ ಇದು ಗೊತ್ತಾಗಬಾರದು. ತನ್ನ ಕೈಯಿಂದನ ಹಿಂಗಾತಂತ ತಿಳದ್ರ ಊಟ ಬಿಡ್ತಾಳ. ಯಾರೂ ಬಾಯಿ ಬಿಡಬ್ಯಾಡ್ರಿ" ಎಂದರು ಧಣಿಗಳು.

ಪಟ್ಟಿಗೆ ಬಂಗಾರದ ನೀರು ಕುಡಿಸಲು ಸವಣೂರಿಗೆ ಕಳಿಸಿದ್ದೇವೆ ಎಂದು ಆಕೆಗೆ ಹೇಳಿದೆವು. "ಅದಕ್ಕ ಯಾಕ ಬಂಗಾರ? ನಾ ತಿಕ್ಕಿದ್ದು ಕಡಿಮಿ ಆತೇನು?" ಎಂದು ನಕ್ಕಳು. ನಾವು ಮೂವರು ಗಂಡಸರು ನೆಲ ನೋಡುತ್ತ ನಿಂತೆವು.

ಆಗ ನನಗೆ ನನ್ನ ಪಂಚಾಂಗ ನೆನಪಾಯಿತು. ಮೋಟಾರು ತೆಗೆದುಕೊಂಡ ದಿನ ಯಲವಿಗಿಯಲ್ಲಿ ಪಟ್ಟಿ ನೋಡಿ ನಂಬರನ್ನು ಆ ವರ್ಷದ ಪಂಚಾಂಗದ ರಟ್ಟಿನ ಒಳಗೆ ಬರೆದಿಟ್ಟಿದ್ದೆ. ಹಳೆಯ ಪಂಚಾಂಗಗಳನ್ನು ನಾನು ಎಸೆಯುವವನಲ್ಲ. ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ತಾರೀಖು ಇತ್ತು, ಗುತ್ತಿಗೆದಾರನ ಹೆಸರು ಇತ್ತು, ಕೆಳಗೆ ನಂಬರು ಇತ್ತು. ಹಿಗ್ಗಿನಿಂದ ಧಣಿಗಳ ಮುಂದೆ ಹಿಡಿದೆ.

ಹಿಡಿದ ಮೇಲೆ ನಾನೇ ನೋಡಿದೆ. ಅಂಕಿಗಳನ್ನು ನಾನು ಇಂಗ್ಲಿಷಿನಲ್ಲಿ ಬರೆದಿರಲಿಲ್ಲ. ಕನ್ನಡದ ನಾಲ್ಕೂ ಮರಾಠಿಯ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ. ಸೊನ್ನೆ ಎಲ್ಲ ಕಡೆಯೂ ಸೊನ್ನೆಯೇ. ಮೂರನೆಯದಕ್ಕೆ ಮೇಲೊಂದು ಸುಳಿ, ಸುಳಿಯಿಂದ ಕೆಳಗೆ ಇಳಿದ ಬಾಲ. ಬಾಲ ಬಲಕ್ಕೆ ಹೊರಳಿದ್ದರೆ ಅದು ಕನ್ನಡದ ಎರಡು. ಹೊರಳದೆ ಕೆಳಗೇ ಇಳಿದಿದ್ದರೆ ಮರಾಠಿಯ ಒಂದು. ಬಾಲದ ತುದಿ ರಟ್ಟಿನ ಮಡಿಕೆಯ ಮೇಲೆ ಬಿದ್ದು, ಮಡಿಕೆ ಹರಿದು ಹೋಗಿತ್ತು. ಆ ದಿನ ಸ್ಟೇಶನ್ನಿನಲ್ಲಿ ಯಾರಿಗೋ ಒಂದು ಮರಾಠಿ ಕಾಗದ ಬರೆದುಕೊಟ್ಟಿದ್ದು ನೆನಪಿತ್ತು. ಕಾಗದ ಮೊದಲೋ ಈ ನಂಬರು ಮೊದಲೋ ನೆನಪಿರಲಿಲ್ಲ. ನನ್ನದೇ ಕೈ, ನನಗೇ ಓದಲು ಬರುತ್ತಿಲ್ಲ.

"ಏನೈತ್ರಿ?" ಎಂದರು ಧಣಿಗಳು.

"ಎರಡು" ಎಂದೆ. ಯಾಕೆ ಎಂದೆ? ಮನೆಯ ಕೆಲಸಕ್ಕೆ ಕನ್ನಡವನ್ನೇ ಬಳಸುವವನು ನಾನು, ಆದ್ದರಿಂದ ಎರಡೇ ಇರಬೇಕೆಂದು ತರ್ಕ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಅಕ್ಷರ ನನಗೇ ತಿಳಿಯದು ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಸಾಹೇಬರು ಬಂದರು. ಧಾರವಾಡದ ಕಚೇರಿಯವರು, ಒಳ್ಳೆಯ ಮನುಷ್ಯ. ಮೋಟಾರಿನ ಚಿಲಕ, ಬಿಜಾಗರಿ, ಹಿಡಿಕೆ ಒಂದೊಂದನ್ನೂ ಮುಟ್ಟಿ ನೋಡಿ ಕರೀಮಸಾಬನಿಗೆ ಶಹಬ್ಬಾಸ್ ಹೇಳಿದರು. ಪಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. ಪಂಚಾಂಗವನ್ನು ಕನ್ನಡಕ ಏರಿಸಿ ನೋಡಿದರು.

"ಇದು ಎರಡು ಅಂತ ನಿಮಗ ಖಾತ್ರಿ ಐತೇನ್ರಿ? ಇಲ್ಲದಿದ್ರ ಇಲ್ಲ ಅಂತ ಬರೀರಿ. ಏನೂ ತಪ್ಪಿಲ್ಲ. ನಾ ಮುಂಬಯಿಗೆ ಬರದು ಕೇಳಸ್ತೇನಿ. ನಾಕಾರು ತಿಂಗಳು ಹಿಡಿಬಹುದು, ಆದರ ಆಗ್ತೈತಿ. ಪ್ರಮಾಣ ಮಾಡಿ ಕೊಟ್ರ ಕೂಪನ್ನು ಇವತ್ತ ಸಿಗ್ತಾವ, ಆದರ ನಂಬರ್ ತಪ್ಪಂತ ಬಂದ್ರ ನನ್ನ ಕೈಯಾಗ ಏನೂ ಉಳ್ಯೂದಿಲ್ಲ."

ಇಷ್ಟು ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಬಾಗಿಲು ತೆರೆದು ಹೋಗು ಎಂದರೂ ಹೋಗದ ಎಮ್ಮೆಯ ಹಾಗೆ ನಾನು ನಿಂತೆ. ಅಲ್ಲಿ ಊರಿನ ನಾಲ್ಕು ಜನ ಇದ್ದರು, ಎಲ್ಲರಿಗೂ ನಾನು ಅರ್ಜಿ ಬರೆದುಕೊಟ್ಟವನು. ನಾಲ್ಕಾರು ತಿಂಗಳು ಮಹಾದೇವಕ್ಕ ಮನೆಯಲ್ಲೇ ಕೂರಬೇಕಲ್ಲ ಎಂಬ ನೆವವೂ ಕೈಗೆ ಸಿಕ್ಕಿತು.

"ಖಾತ್ರಿ ಐತ್ರಿ ಸಾಹೇಬ್ರ. ನಾನ ಬರದದ್ದು" ಎಂದೆ. ಪ್ರಮಾಣಪತ್ರವನ್ನೂ ನಾನೇ ಬರೆದೆ, ಇಂಗ್ಲಿಷಿನಲ್ಲಿ, ಬಹಳ ಅಂದವಾಗಿ. 'ಪಟ್ಟಿಯನ್ನು ಕಣ್ಣಾರೆ ನೋಡಿ ಬರೆದುಕೊಂಡ ನಂಬರು 4024' ಎಂದು ಸಹಿ ಮಾಡಿದೆ.

ಮೂರು ತಿಂಗಳು ಮಹಾದೇವಕ್ಕ ತಿರುಗಾಡಿದಳು. ರಟ್ಟೀಹಳ್ಳಿಯ ಕದಂಬೇಶ್ವರನ ಗುಡಿಗೆ ಹೋಗಿ ಬಂದಳು. ಸಂಕ್ರಾಂತಿಯ ಮರುವಾರ ಸಾಹೇಬರ ಪತ್ರ ಬಂತು. 4024 ನಂಬರಿನ ಅದೇ ಕಂಪನಿಯ ಗಾಡಿ ಬೇರೊಬ್ಬರ ಹೆಸರಿನಲ್ಲಿ ಬೇರೆ ಜಿಲ್ಲೆಯಲ್ಲಿ ಓಡುತ್ತಿದೆ. ಹೀಗಾಗಿ ನಿಮ್ಮ ಗಾಡಿಯನ್ನು ರಿಜಿಸ್ಟರ್ ಮಾಡುವಂತಿಲ್ಲ, ರಸ್ತೆಗೆ ಇಳಿಸುವಂತಿಲ್ಲ, ಕೂಪನ್ನುಗಳು ರದ್ದಾಗಿವೆ. ಕೊನೆಗೆ ಒಂದು ಸಾಲು: ಪ್ರಮಾಣ ಮಾಡಿದವರು ಮರೆವಿನಿಂದ ತಪ್ಪಿದ್ದಾರೆಂದು ತಿಳಿದು ವಿಷಯವನ್ನು ಇಲ್ಲಿಗೇ ಬಿಟ್ಟಿದ್ದೇನೆ, ಅವರು ಈಗ ಇನ್ನೊಂದು ನಂಬರು ಹಿಡಿದು ಬಂದರೆ ಸುಳ್ಳು ಪ್ರಮಾಣದ ಮೊಕದ್ದಮೆ ಹೂಡದೆ ನನಗೆ ಗತಿಯಿರುವುದಿಲ್ಲ.

ಧಣಿಗಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯುದ್ಧದಿಂದಾಗಿ ಇನ್ನು ಪೆಟ್ರೋಲು ಸಿಗುವುದಿಲ್ಲವೆಂದು ಅಕ್ಕನಿಗೆ ಹೇಳಿದರು. "ಊರಿಗೆಲ್ಲಾ ಆದದ್ದು ನಮಗೂ ಆತು ಬಿಡು" ಎಂದಳಂತೆ. ನಿಂತ ಮೋಟಾರನ್ನು ನೋಡುತ್ತ ಕೂರುವುದು ಬೇಡವೆಂದು ಧಣಿಗಳು ಎಂಜಿನ್ನನ್ನು ಭತ್ತದ ಗಿರಣಿಗೆ ಕೊಡಲು ಮಾತಾಡಿದರು. ಗಿರಣಿಯವರು ಬರುವ ಹಿಂದಿನ ದಿನ ಕರೀಮಸಾಬ ಬಂದ. ತಾನು ಕೂರಿಸಿದ ಸಾಮಾನನ್ನು ತಾನೇ ಬಿಚ್ಚಿ ಕೊಡುತ್ತೇನೆ, ಗಿರಣಿಯ ಜನ ಸುತ್ತಿಗೆಯಿಂದ ಬಡಿಯುತ್ತಾರೆ ಎಂದ.

ಮಹಾದೇವಕ್ಕ ಪಡಸಾಲೆಯ ಮೂಲೆಗೆ ತೆವಳಿ ಬಂದು ಕುಳಿತಳು. ಅವನು ಹಿಡಿಕೆ ಬಿಚ್ಚುವುದನ್ನು ನೋಡಿದಳು, ಚಿಲಕ ಬಿಚ್ಚುವುದನ್ನು ನೋಡಿದಳು. ಆಮೇಲೆ ಕೇಳಿದಳು, "ಸಾಬ್ರ, ನನ್ನ ಪಟ್ಟಿ ಎಲ್ಲೈತಿ? ಬಂಗಾರದ ನೀರು ಕುಡಿದು ಬರಲಿಲ್ಲಲ್ಲ?"

ಕರೀಮಸಾಬನಿಗೆ ಸುಳ್ಳು ಬರುತ್ತಿರಲಿಲ್ಲ. ಚೀಲದಿಂದ ಪಟ್ಟಿ ತೆಗೆದು ಆಕೆಯ ಮುಂದೆ ಇಟ್ಟ. ಆಕೆ ಹೆಬ್ಬೆರಳಿನಿಂದ ಸವರಿದಳು.

"ಅಯ್ಯ, ನೀರೂ ಇಲ್ಲ ಬಂಗಾರನೂ ಇಲ್ಲ. ಸವದ ಹೋಗೈತಿ ನೋಡ್ರಿ. ಮೊದಲ ಹ್ಯಾಂಗಿದ್ದವು ಈ ಅಂಕಿ!"

ಕರೀಮಸಾಬ ನನ್ನ ಕಡೆ ನೋಡಿದ. ನಿಧಾನವಾಗಿ ಕೇಳಿದ, "ಹ್ಯಾಂಗಿದ್ದವ್ರಿ ಅಕ್ಕಾರ?"

"ನನಗ ಇಂಗ್ಲೀಷು ಬರೂದಿಲ್ಲಪ್ಪ. ಆದರ ಎಂಟು ವರ್ಷ ಕಡ್ಡಿ ಹಾಕಿ ಕೆದರೇನಿ, ಗೊತ್ತಿರೂದಿಲ್ಲೇನು? ಮೊದಲನೇದು ಕುರ್ಚಿ ಬೋರಲ ಹಾಕಿದಂಗ. ಅದರ ಮಗ್ಗಲ ಬಳಿ. ಕಡೀದು ಮತ್ತ ಕುರ್ಚಿ. ಕುರ್ಚಿಯ ಮೂಲ್ಯಾಗ ಹುಣಸಿಹಣ್ಣು ಭಾಳ ಕುಂದರ್ತಿತ್ತು."

"ನಡುವ ಇನ್ನೊಂದು ಇತ್ತಲ್ರಿ, ಬಳಿ ಆದಮ್ಯಾಲೆ?"

"ಅದಾ? ಅದೇನೂ ತ್ರಾಸ ಕೊಡ್ತಿದ್ದಿಲ್ಲ. ನೆಟ್ಟಗ ಒಂದು ಗೀಟು ಅಷ್ಟ. ಮ್ಯಾಲಿಂದ ಕೆಳಗ ಒಂದ ಸಲಕ್ಕ ಕಡ್ಡಿ ಎಳದ್ರ ಸ್ವಚ್ಛ ಆಗ್ತಿತ್ತು."

ಮೋಟಾರಿನ ಆಚೆ ನಿಂತಿದ್ದ ಧಣಿಗಳು ಬಾನೆಟ್ಟಿನ ಮೇಲೆ ಕೈಯೂರಿದರು. ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕುಳಿತಲ್ಲಿಂದಲೇ ಮನೆ ನಡೆಸಿದವಳಿಗೆ ನಮ್ಮ ಮುಖ ಓದುವುದು ಕಷ್ಟವೇನಲ್ಲ.

"ಯುದ್ಧ ಅಲ್ಲಲ್ಲ ಇದು? ಈ ಅಂಕಿ ಸಲುವಾಗಿ ಮೋಟಾರು ಹೋಗಾಕತ್ತೈತಿ. ಹೌದಲ್ಲೋ ಚನ್ನವೀರ?"

ಧಣಿಗಳು ಎಲ್ಲವನ್ನೂ ಹೇಳಿದರು. ಪಟ್ಟಿ, ಪಂಚಾಂಗ, ಪ್ರಮಾಣ, ಪತ್ರ. ನನ್ನ ಹೆಸರನ್ನು ಎಷ್ಟು ಕಡಿಮೆ ಹೇಳಬಹುದೋ ಅಷ್ಟು ಕಡಿಮೆ ಹೇಳಿದರು. ಆಕೆ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ನನ್ನ ಯಾಕ ಒಂದು ಮಾತು ಕೇಳಲಿಲ್ಲ?"

"ನಿನ್ನ ಕೈಲೆ ಆತಂತ ನಿನಗ ಬ್ಯಾಸರ ಆಗಬಾರದಂತ ಅಕ್ಕಾ…"

"ಬ್ಯಾಸರ ಮಾಡ್ಕೊಳ್ಳಾಕ ನನಗ ಬರ್ತೈತೋ ತಮ್ಮಾ. ಅದನ್ನರ ನನಗ ಬಿಡಬೇಕಿತ್ತು" ಎಂದಳು. ದನಿ ಏರಿಸಲಿಲ್ಲ. ಧಣಿಗಳು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಕರೀಮಸಾಬ ಮೊಳೆ ತಿರುಪುವ ಪಾನಾ ಕೆಳಗಿಟ್ಟು ನನ್ನ ಹತ್ತಿರ ಬಂದ. "ದಿವಾನಜಿ, ಎಂಜಿನ್ ನಾಳಿ ಹೋಗೂದೈತಿ. ಇವತ್ತಿನ್ನೂ ಮೋಟಾರು ಇಲ್ಲೇ ಐತಿ. ನಾ ಎಲ್ಲಾ ಸಾಮಾನು ಸಂಜಿ ಒಳಗ ಮತ್ತ ಕುಂದ್ರಸ್ತೇನಿ. ನೀವು ಧಾರವಾಡಕ್ಕ ಹೋಗಿ ಅದು ಒಂದು ಅಂತ ಹೇಳಿ ಬರ್ರಿ."

ಅವನು ಜೇಲಿನ ಮಾತು ಎತ್ತಲಿಲ್ಲ. ಅದು ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು.

ನಾನು ಹೋದೆ. ಪಂಚಾಂಗವನ್ನು ಬಗಲಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ನಿಲ್ಲುವಲ್ಲಿಗೆ ಹೋದೆ. ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಹತ್ತಿರ ಕುಳಿತೆ. ನನಗಾಗ ಐವತ್ತೆರಡು. ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿ, ನಾನು ಬರೆದ ಪ್ರಮಾಣಪತ್ರವನ್ನೇ ನನ್ನ ಮುಂದೆ ಓದುತ್ತಾರೆ. ಮಿರಜದಲ್ಲಿ ಅಂಥವರನ್ನು ಎಷ್ಟು ಮಂದಿ ನೋಡಿರಲಿಲ್ಲ? ಅವರ ಕೈ ನಡುಗುವುದನ್ನು ನೋಡಿ ನಾನು ನಕ್ಕದ್ದೂ ಉಂಟು. ಜೇಲಿಗಿಂತ ನನಗೆ ಹೆಚ್ಚು ಹೆದರಿಕೆಯಾದದ್ದು, 'ದಿವಾನಜಿ ಹೊಳಬಸಪ್ಪನವರಿಗೆ ತಾವು ಬರೆದದ್ದು ತಮಗೇ ತಿಳಿಯಲಿಲ್ಲವಂತೆ' ಎಂಬ ಮಾತಿಗೆ. ಕಂಡಕ್ಟರ ಟಿಕೀಟು ಹರಿಯುತ್ತ ಬಂದ. "ಎಲ್ಲಿಗ್ರಿ?" ಎಂದ. ಊರಿನ ಹೆಸರು ಬಾಯಿಗೆ ಬರಲಿಲ್ಲ. ಏನೋ ಮರೆತೆ ಎಂದು ಹೇಳಿ ಇಳಿದೆ. ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ನನ್ನ ಜೀವಮಾನದಲ್ಲಿ ನನ್ನ ಮೇಲೆ ನನಗೇ ಅಷ್ಟು ಹೇಸಿಕೆ ಬಂದದ್ದಿಲ್ಲ. ಆದರೂ ಇನ್ನೊಂದು ಬಸ್ಸಿಗೆ ಕಾಯಲಿಲ್ಲ.

ಮನೆಗೆ ಬಂದಾಗ ಮಹಾದೇವಕ್ಕ ಅದೇ ಮೂಲೆಯಲ್ಲಿದ್ದಳು. ಕರೀಮಸಾಬ ಹಿಡಿಕೆಯನ್ನು ಮತ್ತೆ ಕೂರಿಸಿ ಆಗಿತ್ತು. ನನ್ನನ್ನು ನೋಡಿದವನೇ ತಿರುಗಿ ಅದನ್ನು ಬಿಚ್ಚಲು ಶುರುಮಾಡಿದ.

"ಬಸ್ಸು ತಪ್ಪಿತೇನ್ರಿ ದಿವಾನಜಿ?" ಎಂದಳು ಮಹಾದೇವಕ್ಕ.

ಆಕೆ ನನಗೆ ಅಷ್ಟು ದಾರಿ ಬಿಟ್ಟುಕೊಟ್ಟಳು. "ಹೂನ್ರಿ, ತಪ್ಪಿತು" ಎಂದೆ.

"ಹೋಗಲಿ ಬಿಡ್ರಿ. ನಿಮ್ಮನ್ನ ಜೇಲಿಗೆ ಕಳಿಸಿ ನಾ ಮೋಟಾರಿನ್ಯಾಗ ಹ್ಯಾಂಗ ಕುಂದ್ರಲಿ?" ಪಟ್ಟಿಯನ್ನು ತೊಡೆಯಿಂದ ಕೆಳಗಿಟ್ಟಳು. "ಸೋಮವಾರ ಗುಡಿಗೆ ಹೋಗಬೇಕ್ರಿ. ಮತ್ತ ಹದಿನಾಕು ವರ್ಷ ಒಳಗ ಕುಂದರ್ಲಿಕ್ಕೆ ನನಗ ವಯಸ್ಸಿಲ್ಲ. ಕುರ್ಚಿ ಒಂದು ಕಡೆ ಬೀರಪ್ಪ ಹಿಡೀತಾನ. ಇನ್ನೊಂದು ಕಡೆ ನೀವು ಹಿಡೀರಿ."

ಎಂಜಿನ್ನು ಮರುದಿನ ಗಿರಣಿಗೆ ಹೋಯಿತು. ಸೋಮವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಹೋದೆ. ಬೀರಪ್ಪ ಬಲಗಡೆ, ನಾನು ಎಡಗಡೆ. ಆಕೆ ಅಷ್ಟು ಹಗುರ ಇದ್ದಾಳೆಂದು ನಾನು ತಿಳಿದಿರಲಿಲ್ಲ. ಪೇಟೆಯಲ್ಲಿ ಅಂಗಡಿಯವರು ಎದ್ದು ನಿಂತರು, ಹೆಂಗಸರು ಬಾಗಿಲಿಗೆ ಬಂದರು. ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ಗುಡಿಯ ಹತ್ತಿರ ಒಮ್ಮೆ ಕಾಲು ತಡವರಿಸಿ, ಆಕೆಗೆ ಏನಾದರೂ ಆಯಿತೇ ಎಂದು ಕತ್ತೆತ್ತಿ ನೋಡಿದೆ. ಮಹಾದೇವಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮನೆಯ ಹೊಸ್ತಿಲಿನಿಂದ ಅಲ್ಲಿಯ ತನಕ ಹಾಗೆಯೇ ಮುಚ್ಚಿಕೊಂಡು ಬಂದಿದ್ದಳು ಎಂದು ಬೀರಪ್ಪ ಆಮೇಲೆ ಹೇಳಿದ.